ಓರೆಯಾಗಿ ಕೂತ ತಡ್ಪೆ

ಮಧ್ಯಾಹ್ನದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ ಮೇಲೆ ಕೆಮ್ಮಣ್ಣು ಊರಿನ ನಮ್ಮ ಮನೆಯಲ್ಲಿ ಒಂದು ಬಗೆಯ ಮೌನ ಇಳಿಯುತ್ತದೆ. ಹಿತ್ತಿಲಿನ ಆಚೆ ಹಿನ್ನೀರು. ಅದರ ಮೇಲೆ ಬಿದ್ದ ಬಿಸಿಲು ತಿರುಗಿ ಬಂದು ಅಡುಗೆಮನೆಯ ಗೋಡೆಯಲ್ಲಿ ಅಲುಗುತ್ತದೆ. ಆ ಹೊತ್ತಿಗೆ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ನನಗೆ ಹಳೆಯ ಮುಖಗಳು ನೆನಪಾಗುವುದಿಲ್ಲ, ಮೊಣಕಾಲುಗಳು ನೆನಪಾಗುತ್ತವೆ. ನಗಬೇಡಿ. ಬಿಲ್ಲಿನ ಹಾಗೆ ಬಾಗಿದವು, ಊದಿಕೊಂಡವು, ಎಣ್ಣೆ ತಿಕ್ಕಿ ತಿಕ್ಕಿ ಹೊಳೆಯುವವು, ಬೆಳ್ಳುಳ್ಳಿ ಅರೆದು ಕಟ್ಟಿ ಸುಟ್ಟುಕೊಂಡವು. ಒಂದರ ಹಿಂದೆ ಒಂದು ನೀರಿನಲ್ಲಿ ತೇಲಿ ಬಂದ ಹಾಗೆ ಬರುತ್ತವೆ, ಹೋಗುತ್ತವೆ.

ನಾದಿನಿಯ ಮಗಳು ಈ ವರ್ಷ ಫಿಸಿಯೋಥೆರಪಿ ಕಲಿತು ಕೆಲಸಕ್ಕೆ ಸೇರುತ್ತಿದ್ದಾಳೆ. "ಮಾಮಿ, ಪುಸ್ತಕದಲ್ಲಿ ಇರುವುದನ್ನೆಲ್ಲ ಓದಿಯಾಯಿತು. ಇಲ್ಲದ್ದು ಎಂತ ಉಂಟು, ಅದನ್ನು ಬರೆಯಿರಿ" ಎಂದು ಹೇಳಿ ಹೋದಳು. ಪುಸ್ತಕದಲ್ಲಿ ಇಲ್ಲದ್ದು ಬಹಳ ಏನೂ ಇಲ್ಲ. ಇರುವುದನ್ನೇ ಯಾವ ಜಗಲಿಯಲ್ಲಿ, ಯಾವ ಬೆಳಕಿನಲ್ಲಿ ಕಾಣಬೇಕಾಗುತ್ತದೆ ಎನ್ನುವುದು ಮಾತ್ರ ಅಲ್ಲಿ ಬರೆದಿರುವುದಿಲ್ಲ.

ನಾನು ಜೀವನದ ಹೆಚ್ಚು ಭಾಗ ಗೃಹಿಣಿಯೇ. ಮಣಿಪಾಲದಲ್ಲಿ ಕಲಿತೆ, ಮದುವೆಯಾಯಿತು, ಮಕ್ಕಳಾದರು, ಕಲಿತದ್ದನ್ನು ಮಡಚಿ ಇಟ್ಟೆ. ಮಕ್ಕಳು ಶಾಲೆಗೆ ಹೋಗಲು ಶುರುವಾದ ಮೇಲೆ, ಒಂದು ದಿನ ಅತ್ತೆಯವರು ದೇವರ ಅಲ್ತಾರಿನ ಮುಂದೆ ಮೊಣಕಾಲೂರಿ ಕೂತವರು ತೆರ್ಸು, ಎಂದರೆ ನಮ್ಮ ಜಪಮಾಲೆಯ ಪ್ರಾರ್ಥನೆ, ಮುಗಿದರೂ ಏಳಲಾಗದೆ ಗೋಡೆ ಹಿಡಿದು ಒದ್ದಾಡುವುದನ್ನು ಕಂಡೆ. ಎಬ್ಬಿಸಲು ಹೋದರೆ, "ನೀನು ಕಲಿತದ್ದು ಇದನ್ನೇ ಅಲ್ವಾ? ಮತ್ತೆ ಸಾಂಬಾರಿಗೆ ಒಗ್ಗರಣೆ ಹಾಕುತ್ತಾ ಎಂತಕ್ಕೆ ಕೂತಿದ್ದಿ?" ಎಂದರು. ಕೆಲಸಕ್ಕೆ ನನ್ನನ್ನು ಕಳಿಸಿದ್ದು ಅವರು. ಬೆಳಿಗ್ಗೆ ಗಂಜಿ, ಪಲ್ಯ, ಮೀನಿನ ಸಾರು ಎಲ್ಲ ಮುಚ್ಚಿಟ್ಟು ಬಸ್ಸು ಹಿಡಿಯುತ್ತಿದ್ದೆ. ಅರ್ಧ ದಿನ ಮನೆಯದ್ದು, ಅರ್ಧ ದಿನ ಊರವರ ಕೀಲುಗಳದ್ದು.

ಅದಕ್ಕೂ ಮೊದಲಿನದ್ದೊಂದು ಹೇಳಬೇಕು. ನಾನು ಓದಿದ್ದು ಕಾರ್ಕಳದ ಒಂದು ಕಾನ್ವೆಂಟಿನಲ್ಲಿ. ಉದ್ದನೆಯ ಮೊಗಸಾಲೆ, ಕೆಂಪು ಗಾರೆಯ ನೆಲ, ಮಾತಾಡಿದರೆ ಶಿಕ್ಷೆ. ತಲೆ ಬಗ್ಗಿಸಿ ಹೊಲಿಗೆ ಹಾಕುತ್ತಾ ಕೂತಿರುವ ನಮಗೆ ಬರುವವರು ಯಾರೆಂದು ತಿಳಿಯುವುದಕ್ಕೆ ಇದ್ದದ್ದು ಕಿವಿ ಒಂದೇ. ಹಗುರ ಹೆಜ್ಜೆ ಸಂಗೀತದ ಸಿಸ್ಟರಿನದ್ದು. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಅವಸರದ್ದು ಎಂದರೆ ಹೆಡ್‌ಮಿಸ್ಟ್ರೆಸ್. ನೋಯುವ ಕಾಲಿನ ಮೇಲೆ ಮನುಷ್ಯರು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಬಿಸಿ ಮರಳನ್ನು ತುಳಿದ ಹಾಗೆ ಅದನ್ನು ಬೇಗ ಎತ್ತಿಬಿಡುತ್ತಾರೆ ಎಂದು ಕಾಲೇಜಿನಲ್ಲಿ ಪಾಠ ಮಾಡಿದಾಗ, ಅದನ್ನು ನಾನು ಸೂಜಿ ಹಿಡಿದುಕೊಂಡೇ ಕಲಿತಾಗಿತ್ತು. ಸಂಗೀತದ ಸಿಸ್ಟರಿನ ಬೆರಳ ತುದಿಯ ಗೆಣ್ಣುಗಳಲ್ಲಿ ಬಟಾಣಿಯಂಥ ಗಂಟುಗಳಿದ್ದವು. ಹಾರ್ಮೋನಿಯಂ ಮೇಲೆ ಅವು ಹತ್ತಿ ಇಳಿಯುವುದನ್ನು ನೋಡುತ್ತಾ, ರಾಗ ಆ ಗಂಟುಗಳ ಒಳಗಿನಿಂದಲೇ ಬರುವುದು ಎಂದು ನಂಬಿದ್ದೆ. ಅದಕ್ಕೆ ಅಸ್ಥಿಸಂಧಿವಾತ ಎಂಬ ದೊಡ್ಡ ಹೆಸರು ಉಂಟೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಮಣಿಪಾಲದ ಗುಡ್ಡದ ಮೇಲಿನ ನಮ್ಮ ವಿಭಾಗದಲ್ಲಿ ಯಾವಾಗಲೂ ಕರಗಿದ ಮೇಣದ ವಾಸನೆ. ಗಂಟು ನೋವಿನವರ ಕೈಗಳನ್ನು ಬಿಸಿ ಮೇಣದಲ್ಲಿ ಅದ್ದಿ ತೆಗೆಯುತ್ತಿದ್ದೆವು. ತೆಗೆದಾಗ ಕೈ ಬಿಳಿಯಾಗಿ, ಇಗರ್ಜಿಯ ಪ್ರತಿಮೆಯ ಕೈಯ ಹಾಗೆ ಕಾಣುತ್ತಿತ್ತು. ನಮ್ಮ ಹೆಡ್ ಮೇಡಂ ಬೆಳಿಗ್ಗೆ ಬಂದವರೇ ಆ ಪಾತ್ರೆಯ ಮೇಲೆ ತಮ್ಮ ಕೈ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. "ತಣ್ಣಗಿನ ಕೈಯಲ್ಲಿ ಮುಟ್ಟಿದರೆ ಸ್ನಾಯು ಬಿಗಿಯುತ್ತದೆ, ಬಿಗಿದ ಸ್ನಾಯು ಸುಳ್ಳು ಹೇಳುತ್ತದೆ" ಎನ್ನುವರು. ಕೋಪ ಬಂದರೆ ಧ್ವನಿ ಇನ್ನೂ ಮೆಲ್ಲಗಾಗುತ್ತಿತ್ತು. ನಾವು ರೋಗಿ ಬಂದ ಕೂಡಲೇ ಎಕ್ಸ್‌ರೇಯ ಲಕೋಟೆಗೆ ಕೈ ಚಾಚಿದರೆ, "ಅಲ್ಲಿ ಯಾರೂ ಇಲ್ಲ ಮಗಾ, ಮನುಷ್ಯರು ಈ ಕಡೆ ಕೂತಿದ್ದಾರೆ" ಎಂದು ಪಿಸುಗುಟ್ಟುವರು. ಮೊದಲು ನಡಿಗೆ, ಆಮೇಲೆ ಕೈ, ಕೊನೆಗೆ ಚಿತ್ರ. ಅವರ ಪಾಠ ಅಷ್ಟೇ.

ಮೊಣಕಾಲಿನ ಸಂಧಿವಾತವನ್ನು ಗುರುತಿಸುವುದು ಹೆಚ್ಚಿನ ಸಲ ಕಷ್ಟವಲ್ಲ. ಬಸ್ಸಿನಲ್ಲಿ ಕೂತು ಬಂದವರು ಇಳಿಯುವಾಗ ಬಾಗಿಲ ಕಂಬಿ ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಕಾಲು ಸಡಿಲವಾಗುತ್ತದೆ. ಮೆಟ್ಟಿಲು ಹತ್ತುವಾಗಿನ ನೋವಿಗಿಂತ ಇಳಿಯುವಾಗಿನದ್ದು ಹೆಚ್ಚು. ಮಡಚಿದರೆ ಒಳಗೆ ಒಣ ಎಲೆ ತುಳಿದ ಸದ್ದು. ಬೆಳಗಿನ ಬಿಗಿತ ಚಾ ಕುಡಿದು ಮುಗಿಯುವಷ್ಟರಲ್ಲಿ ಬಿಡುತ್ತದೆ. ಬಿಡದೆ ಮಧ್ಯಾಹ್ನದ ತನಕ ಉಳಿದರೆ, ಕೀಲು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದು ಬೇರೆ ಏನೋ. ನಿಮ್ಮ ಜಾಣತನ ಬದಿಗಿಟ್ಟು ಡಾಕ್ಟರ ಹತ್ತಿರ ಕಳಿಸಿ.

ನಾನು ಕೆಲಸಕ್ಕೆ ಸೇರಿದಾಗ ನಾವು ಎಲ್ಲರಿಗೂ ಹೇಳುತ್ತಿದ್ದ ಮಾತು ಒಂದೇ: "ಸವೆದಿದೆ, ರೆಸ್ಟ್ ಮಾಡಿ." ಚಪ್ಪಲಿ ಸವೆದರೆ ಯಾರಾದರೂ ಅದನ್ನು ಹಾಕಿಕೊಂಡು ನಡೆಯುತ್ತಾರಾ? ಹಾಗಾಗಿ ಜನ ನಡೆಯುವುದನ್ನು ಬಿಟ್ಟರು. ನಡೆಯದೆ ತೊಡೆ ಸೊರಗಿತು, ತೊಡೆ ಸೊರಗಿದ ಮೇಲೆ ನೋವು ಹೆಚ್ಚಾಯಿತು, ಮತ್ತೆ ನಮ್ಮ ಹತ್ತಿರ ಬಂದು ಕರೆಂಟಿನ ಶಾಖ ಕೊಡಿಸಿಕೊಂಡರು. ನನಗೆ 'ಕರೆಂಟ್ ಕೊಡುವ ಬಾಯಮ್ಮ' ಎಂಬ ಹೆಸರು ಬಂದದ್ದು ಆಗ. ಕ್ರೈಸ್ತರ ಹೆಂಗಸರನ್ನು ಇಲ್ಲಿಯ ತುಳುವರು ಪ್ರೀತಿಯಿಂದ ಕರೆಯುವುದು ಹಾಗೆ. ಬರಬರುತ್ತಾ ಕ್ರಮ ಬದಲಾಯಿತು. ಕೀಲು ಚಪ್ಪಲಿಯಲ್ಲ, ಅದು ತನ್ನನ್ನು ತಾನೇ ಸರಿಮಾಡಿಕೊಳ್ಳಲು ನೋಡುತ್ತಲೇ ಇರುತ್ತದೆ, ಅದಕ್ಕೆ ಅಲುಗಾಟ ಬೇಕು, ಬಲ ಬೇಕು, ಮೈಭಾರ ಸ್ವಲ್ಪ ಇಳಿಯಬೇಕು ಎಂದು ಹೇಳಲು ಕಲಿತೆವು. ಶಾಖ ಬೇಕಾದರೆ ಮನೆಯಲ್ಲೇ ಬಿಸಿನೀರಿನ ಚೀಲ ಸಾಕು. ಆದರೆ ಜನರಿಗೆ ಕರೆಂಟೇ ಬೇಕು. "ವ್ಯಾಯಾಮ ನಾನು ಮಾಡುವುದಾದರೆ ನಿಮಗೆ ಸಂಬಳ ಎಂತಕ್ಕೆ ಬಾಯಮ್ಮ?" ಎಂದು ಒಬ್ಬರು ಕೇಳಿಯೇ ಬಿಟ್ಟರು.

ಕಾಪುವಿನ ಕಡಲ ಬದಿಯ ಮೀನುಗಾರರಾದ ಒಬ್ಬರು ಪೂಜಾರಿಯವರಿಗೆ ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತಲು ಹೇಳಿದ್ದೆ. ಮುಂದಿನ ವಾರ ಲುಂಗಿ ಎತ್ತಿ ತೋರಿಸಿದರು. ಬಲೆಯ ಸೀಸದ ಗುಂಡುಗಳನ್ನು ಪೋಣಿಸಿ ಗೆಜ್ಜೆಯ ಹಾಗೆ ಕಟ್ಟಿಕೊಂಡಿದ್ದರು. "ಮರಳು ಸೋರ್ತದೆ. ಇದು ಸೋರುವುದಿಲ್ಲ" ಎಂದು ಗಂಭೀರವಾಗಿ ಕಾಲೆತ್ತಿದರು. ಕೂತವರೆಲ್ಲ ನಕ್ಕರು. "ಪೂಜಾರ್ರೇ, ಇನ್ನು ಚೆಂಡೆಯವರೊಬ್ಬರು ಬಂದರೆ ಯಕ್ಷಗಾನ ಶುರು" ಎಂದು ಹಿಂದಿನಿಂದ ಯಾರೋ ಕೂಗಿದರು. ನಗದಿದ್ದದ್ದು ಅವರೊಬ್ಬರೇ. ಅವರ ತೊಡೆ ಮಾತ್ರ ಎಲ್ಲರಿಗಿಂತ ಬೇಗ ಗಟ್ಟಿಯಾಯಿತು.

ಅದೇ ಕಾಪುವಿನಲ್ಲಿ ನಾವು ವಾರಕ್ಕೊಮ್ಮೆ ನಡೆಸುತ್ತಿದ್ದ ಕ್ಯಾಂಪಿಗೆ ಗುಲಾಬಿಯಕ್ಕ ಬಂದದ್ದು.

ಕ್ಯಾಂಪು ಎಂದರೆ ಒಂದು ಸಭಾಭವನ. ತಲೆಯ ಮೇಲೆ ಫ್ಯಾನುಗಳ ಗರಗರ, ಹೊರಗೆ ಹೆದ್ದಾರಿಯ ಸದ್ದು, ಅದು ನಿಂತ ಕ್ಷಣದಲ್ಲಿ ದೂರದ ಕಡಲಿನದ್ದು. ಗೋಡೆಯ ಉದ್ದಕ್ಕೆ ಪ್ಲಾಸ್ಟಿಕ್ ಕುರ್ಚಿಗಳು. ಮುಂದಿನವರು ಎದ್ದ ಹಾಗೆ ಹಿಂದಿನವರು ಏಳದೆಯೇ ಕುರ್ಚಿಯಿಂದ ಕುರ್ಚಿಗೆ ಜಾರುತ್ತಾ ನನ್ನ ಮೇಜಿನವರೆಗೆ ಬಂದು ಮುಟ್ಟುವರು. ಕಾಲುನೋವಿನವರನ್ನು ನಿಲ್ಲಿಸಬಾರದೆಂದು ಕರುಣೆಯಿಂದ ಮಾಡಿದ ಏರ್ಪಾಡು ಅದು. ಅದರಿಂದಾಗಿ ಅಲ್ಲಿ ಯಾರೊಬ್ಬರೂ ನಮ್ಮ ಕಣ್ಣೆದುರು ನಡೆಯುತ್ತಿರಲಿಲ್ಲ ಎನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಗುಲಾಬಿಯಕ್ಕ ಎಲ್ಲೂರಿನವರು, ಬೀಡಿ ಕಟ್ಟುವವರು. ಬೆರಳ ತುದಿಗಳು ಹೊಗೆಸೊಪ್ಪಿನ ಕಂದು ಬಣ್ಣ, ಕಿವಿಯಲ್ಲಿ ಸಣ್ಣ ಬೆಂಡೋಲೆ. ಜೊತೆಗೆ ಮಗಳು ಶಶಿಕಲಾ, ಕಾಪು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಬಲಗಾಲಿನ ಮೊಣಗಂಟಿನ ನೋವು, ಬಹಳ ಕಾಲದ್ದು. ಮಾತ್ರೆ, ಕಷಾಯ, ಬೆಲ್ಟು ಎಲ್ಲ ಆಗಿತ್ತು. ಒಂದು ಆಸ್ಪತ್ರೆಯಲ್ಲಿ ಮೊಣಗಂಟು ಬದಲಿಸುವ ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು, ಕೃಷ್ಣಾಷ್ಟಮಿ ಕಳೆದ ಮೇಲೆ. ಅಲ್ಲಿಯ ತನಕ ಕಾಲಿಗೆ ಬಲ ಬರುವಂಥ ವ್ಯಾಯಾಮ ಬೇಕು ಎಂದು ಬಂದಿದ್ದರು.

ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದೆ. ಆ ವಯಸ್ಸಿನಲ್ಲಿ ಕಾಣುವಷ್ಟು ಬದಲಾವಣೆ ಎರಡೂ ಮೊಣಕಾಲುಗಳಲ್ಲಿ ಇತ್ತು. ನೋಯದ ಎಡಗಾಲಿನಲ್ಲಿ ಸ್ವಲ್ಪ ಹೆಚ್ಚೇ ಇತ್ತು.

"ಎಲ್ಲಿ ನೋವು, ತೋರಿಸಿ ಗುಲಾಬಿಯಕ್ಕ."

ಅವರು ಬೆರಳಿನಿಂದ ತೋರಿಸಲಿಲ್ಲ. ಅಂಗೈಯನ್ನು ತೊಡೆಯ ಮೇಲಿಟ್ಟು ಮೊಣಗಂಟಿನವರೆಗೆ ನೀವಿಕೊಂಡರು, ಬೆಕ್ಕಿನ ಬೆನ್ನು ಸವರುವ ಹಾಗೆ. "ಇಲ್ಲಿಂದ ಇಳಿದು ಬಂದು ಇಲ್ಲಿ ಕೂತುಕೊಳ್ತದೆ."

ಗಂಟು ಮುಟ್ಟಿದೆ. ಊತವಿಲ್ಲ. ಒತ್ತಿದರೆ ಮುಖದಲ್ಲಿ ನೋವಿಲ್ಲ. ಮಡಚಿದೆ, ಬಿಡಿಸಿದೆ, ಅದು ಎಣ್ಣೆ ಹಾಕಿದ ಬಾಗಿಲಿನ ಹಾಗೆ ಆಡಿತು. ಮನಸ್ಸಿನಲ್ಲಿ ಏನೋ ಒಂದು ಸಣ್ಣದು ಚುಚ್ಚಿತು, ಬಟ್ಟೆಯಲ್ಲಿ ಉಳಿದುಹೋದ ಗುಂಡುಸೂಜಿಯಂತೆ. ಆದರೆ ಹಿಂದೆ ಕುರ್ಚಿಗಳು ಜಾರುತ್ತಿದ್ದವು.

"ಬಾಯಮ್ಮ, ಆಪರೇಷನ್ ಆದ ಮೇಲೆ ನೆಲದಲ್ಲಿ ಕೂತುಕೊಳ್ಳಬಾರದಂತೆ, ಹೌದಾ?" ಗುಲಾಬಿಯಕ್ಕ ಕೇಳಿದರು.

"ಅಮ್ಮಾ, ಅದನ್ನು ಇನ್ನು ಎಷ್ಟು ಸಲ ಕೇಳುವುದು?" ಶಶಿಕಲಾ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಮೇಡಂ, ಇವರಿಗೆ ಕಾಲು ಬೇಡ, ಆ ಅಪ್ಪಿಯಕ್ಕನ ಜಗಲಿ ಬೇಕು. ದಿನಾ ಮಧ್ಯಾಹ್ನ ಅಲ್ಲಿ ಹೋಗಿ ಬೀಡಿ ಕಟ್ಟದಿದ್ದರೆ ಇವರಿಗೆ ಊಟ ಕರಗುವುದಿಲ್ಲ."

"ಕರಗುವುದಿಲ್ಲ" ಎಂದು ಗುಲಾಬಿಯಕ್ಕ ಒಪ್ಪಿಕೊಂಡರು. "ಇದ್ದದ್ದನ್ನು ಹೇಳಿದ್ದಕ್ಕೆ ಬೈಯಬೇಡ."

ಕೂರುವುದು ಹೇಗೆ, ಏಳುವುದು ಹೇಗೆ ಎಂದು ನಾನೇ ಒಮ್ಮೆ ಮನೆಗೆ ಬಂದು ನೋಡುತ್ತೇನೆ ಎಂದೆ. ಕ್ಯಾಂಪು ಬೇಗ ಮುಗಿದ ಒಂದು ದಿನ ಎಲ್ಲೂರಿನ ಬಸ್ಸು ಹತ್ತಿದೆ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಗದ್ದೆಗಳ ಆಚೆ ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ, ಅದರ ಹೊಗೆ ಆಕಾಶದಲ್ಲಿ ಅಲುಗದೆ ನಿಂತಿತ್ತು, ಯಾರೋ ಬಿಳಿ ಉಲ್ಲನ್ ನೂಲನ್ನು ಬಿಚ್ಚಿಟ್ಟು ಮರೆತ ಹಾಗೆ. ಬಸ್ಸಿನಿಂದ ಇಳಿದಾಗ ಒಂದು ಹಕ್ಕಿಯೂ ಕೂಗಲಿಲ್ಲ. ಕತ್ತರಿಗಳ ಸದ್ದು ಮಾತ್ರ ಕೇಳುತ್ತಿತ್ತು, ಕರ್, ಕರ್, ಕರ್ ಎಂದು. ಆ ಸದ್ದಿನ ಹಿಂದೆ ನಡೆದರೆ ಅಪ್ಪಿಯಕ್ಕನ ಜಗಲಿ.

ನೆಲದ ಮೇಲೆ ಸಾಲಾಗಿ ಹೆಂಗಸರು, ಚಕ್ಕಳಮಕ್ಕಳ ಹಾಕಿ. ಪ್ರತಿಯೊಬ್ಬರ ತೊಡೆಯ ಮೇಲೂ ತಡ್ಪೆ, ನಮ್ಮಲ್ಲಿ ಮೊರಕ್ಕೆ, ಗೆರಸೆಗೆ ಹೇಳುವುದು ಹಾಗೆ. ಅದರಲ್ಲಿ ಒಂದು ಬದಿ ಕತ್ತರಿಸಿದ ಎಲೆ, ಇನ್ನೊಂದು ಬದಿ ಹೊಗೆಸೊಪ್ಪಿನ ಪುಡಿ, ನಡುವೆ ನೂಲಿನ ಉಂಡೆ. ಕೈಗಳು ತಮ್ಮಷ್ಟಕ್ಕೆ ಸುತ್ತುತ್ತಿದ್ದವು, ಬಾಯಿಗಳು ತಮ್ಮಷ್ಟಕ್ಕೆ ಊರಿನ ಸುದ್ದಿ ಸುತ್ತುತ್ತಿದ್ದವು. ಗುಲಾಬಿಯಕ್ಕ ನಡುವಿನಲ್ಲಿ.

"ಬನ್ನಿ ಬನ್ನಿ, ಕರೆಂಟಿನವರು ಬಂದರು, ಇನ್ನು ಪವರ್ ಕಟ್ ಇಲ್ಲ" ಎಂದವರು ಅಪ್ಪಿಯಕ್ಕ. ಗುಲಾಬಿಯಕ್ಕನ ಅತ್ತಿಗೆ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು, ನಾಲಿಗೆಯಲ್ಲಿ ಎಲ್ಲರಿಗಿಂತ ಚುರುಕು. "ಇವಳ ಕಾಲು ಕೊಯ್ದು ಹಾಕ್ತೀರಂತೆ, ನಿಜವಾ? ಕೊಯ್ದರೆ ಬಾಯಿಯನ್ನೂ ಸ್ವಲ್ಪ ಹೊಲಿಯಿರಿ. ನಮಗೆ ಸುಖ ಉಂಟು."

ನನಗೊಂದು ಲೋಟ ಪುನರ್ಪುಳಿ ಎನ್ನುವ ಕೋಕಂ ಹಣ್ಣಿನ ಶರಬತ್ತು ಕೊಟ್ಟರು. ಅದರ ಬಣ್ಣ ಬಿಸಿಲಿಗೆ ಹಿಡಿದರೆ ಇಗರ್ಜಿಯ ಕಿಟಕಿಯ ಗಾಜು. ಲೋಟದ ಅಂಚಿನ ಮೇಲಿನಿಂದ ಸುಮ್ಮನೆ ನೋಡುತ್ತಾ ಕೂತೆ. ಆಗ ತಡ್ಪೆಗಳ ಸಾಲಿನಲ್ಲಿ ಒಂದು ಬೇರೆಯಾಗಿ ಕಂಡಿತು. ಎಲ್ಲರ ತಡ್ಪೆ ಎರಡು ಮೊಣಕಾಲುಗಳ ಮೇಲೆ ನೀರಿನ ಮೇಲಿನ ಎಲೆಯ ಹಾಗೆ ಸಮ ಕೂತಿತ್ತು. ಗುಲಾಬಿಯಕ್ಕನದ್ದು ಕೂಡ ಸಮವೇ, ಆದರೆ ಅದರ ಎಡಬದಿಯ ಅಡಿಯಲ್ಲಿ ಹಸಿರು ಸೀರೆಯ ತುಂಡೊಂದನ್ನು ಮಡಚಿ ಮಡಚಿ ದಪ್ಪ ಮಾಡಿ ಇಟ್ಟಿದ್ದರು. ಗಾರೆ ಕೆಲಸದವರು ಕಲ್ಲಿನ ಅಡಿ ಚಕ್ಕೆ ಕೊಡುವ ಹಾಗೆ.

"ಅದು ಎಂತಕ್ಕೆ ಗುಲಾಬಿಯಕ್ಕ?"

"ಇದಾ? ಇಲ್ಲದಿದ್ದರೆ ಪುಡಿ ಎಲ್ಲ ಒಂದೇ ಕಡೆ ಜಾರ್ತದೆ."

"ತೆಗೆಯಿರಿ ನೋಡುವ."

ತೆಗೆದರು. ತಡ್ಪೆ ಎಡಕ್ಕೆ ಓರೆಯಾಯಿತು, ಹೊಗೆಸೊಪ್ಪಿನ ಪುಡಿ ಮೆಲ್ಲನೆ ಜಾರಿ ಅಂಚಿಗೆ ಹೋಗಿ ಸೇರಿತು. ಎಡ ಮೊಣಕಾಲು ನೆಲದ ಹತ್ತಿರ ಇತ್ತು. ಬಲದ್ದು ಇಳಿಯದೆ ಗುಡ್ಡದ ಹಾಗೆ ಮೇಲೆಯೇ ನಿಂತಿತ್ತು.

ಆ ಕ್ಷಣ ಈಗಲೂ ನನಗೆ ನಿಧಾನವಾಗಿ, ನೀರಿನ ಒಳಗೆ ನಡೆದಂತೆ ನೆನಪಾಗುತ್ತದೆ. ಚಕ್ಕಳಮಕ್ಕಳ ಹಾಕಿದಾಗ ಕಾಲು ಹೊರಕ್ಕೆ ತೆರೆದು ಕೆಳಗಿಳಿಯುವುದು ಮೊಣಗಂಟಿನಿಂದ ಅಲ್ಲ, ಸೊಂಟದ ಕೀಲಿನಿಂದ. ತೊಡೆಯ ಎಲುಬಿನ ಗುಂಡು ತಲೆ ಸೊಂಟದ ಬಟ್ಟಲಿನಲ್ಲಿ ತಿರುಗುವುದರಿಂದ.

"ಎದ್ದು ಆ ತುಳಸಿಕಟ್ಟೆಯವರೆಗೆ ನಡೆದು ಬನ್ನಿ" ಎಂದೆ. ಕಣ್ಣು ಮುಚ್ಚಿ ಕೇಳಿದೆ. ಎಡ ಹೆಜ್ಜೆ ಪೂರ್ತಿ. ಬಲ ಹೆಜ್ಜೆ ಅರ್ಧ. ಕಣ್ಣು ತೆರೆದರೆ, ಪ್ರತಿಸಲ ಬಲಗಾಲು ಊರುವಾಗ ಇಡೀ ಮೈ ಆ ಬದಿಗೆ ವಾಲುತ್ತಿತ್ತು, ಅಲೆಗೆ ಸಿಕ್ಕಿದ ದೋಣಿಯ ಹಾಗೆ. ಕ್ಯಾಂಪಿನಲ್ಲಿ ಕುರ್ಚಿಯಿಂದ ಕುರ್ಚಿಗೆ ಜಾರಿ ಬಂದವರ ಈ ನಡಿಗೆಯನ್ನು ನಾನು ಕಂಡದ್ದೇ ಇಲ್ಲ.

ಒಳಗೆ ಚಾಪೆ ಹಾಕಿಸಿ ಮಲಗಿಸಿದೆ. ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡೆ. ಎಡಗಾಲನ್ನು ಮಡಚಿ ಹಿಡಿದು ತೊಡೆಯನ್ನು ಒಳಮುಖವಾಗಿ ತಿರುಗಿಸಿದರೆ ಸಲೀಸಾಗಿ ತಿರುಗಿತು. ಬಲಗಾಲು ಸ್ವಲ್ಪ ತಿರುಗಿ, ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಹಾಗೆ ಕಚ್ಚಿ ನಿಂತಿತು.

"ಅಯ್ಯೋ ಬಾಯಮ್ಮ! ಅದೇ! ಅದೇ ನೋವು!" ಅವರು ಮೊಣಗಂಟನ್ನು ಹಿಡಿದುಕೊಂಡರು.

"ಈಗ ನಾನು ತಿರುಗಿಸಿದ್ದು ನಿಮ್ಮ ಸೊಂಟದ ಕೀಲು, ಗುಲಾಬಿಯಕ್ಕ. ಮೊಣಗಂಟು ಅಲುಗಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಅಪ್ಪಿಯಕ್ಕ ಸೊಂಟಕ್ಕೆ ಕೈ ಕೊಟ್ಟರು. "ಎಂತ? ನೋವು ಒಂದು ಕಡೆ, ಕೂಗುವುದು ಇನ್ನೊಂದು ಕಡೆಯಾ?"

"ಹೌದು. ಅಡುಗೆಮನೆಯಲ್ಲಿ ಕರೆಗಂಟೆ ಕೇಳಿಸಿದರೆ ಜನ ನಿಂತಿರುವುದು ಅಡುಗೆಮನೆಯಲ್ಲಾ? ಜಗಲಿಯಲ್ಲಿ ಅಲ್ವಾ?"

ಶಶಿಕಲಾಳಿಗೆ ಫೋನು ಮಾಡಿದಾಗ ಅವಳಿಗೆ ಕೋಪವೇ ಬಂತು. "ಒಬ್ಬರು ಮೊಣಕಾಲು ಅಂತಾರೆ, ನೀವು ಸೊಂಟ ಅಂತೀರಿ. ನಾಳೆ ಇನ್ನೊಬ್ಬರು ತಲೆ ಅನ್ನಬಹುದು. ದಿನ ಗೊತ್ತಾದ ಮೇಲೆ ಇದೆಲ್ಲ ಎಂತ ಮೇಡಂ? ಅಮ್ಮ ಈಗಲೇ ಹೆದರಿ ಅರ್ಧ ಆಗಿದ್ದಾರೆ." ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮೊಣಕಾಲು ಬದಲಿಸಿಯಾದ ಮೇಲೂ ಅದೇ ನೋವು ಅಲ್ಲೇ ಕೂತಿದ್ದರೆ ಆ ಮನೆಯ ಗತಿ ಏನು ಎಂದಷ್ಟೇ ನಾನು ಯೋಚಿಸುತ್ತಿದ್ದೆ. "ಆಪರೇಷನ್ ಬೇಡ ಎನ್ನಲು ನಾನು ಯಾರೂ ಅಲ್ಲ ಶಶಿಕಲಾ. ಅದಕ್ಕೆ ಮೊದಲು ಡಾಕ್ಟರು ಒಮ್ಮೆ ಅಮ್ಮನ ನಡಿಗೆ ನೋಡಲಿ, ಅಷ್ಟೇ. ನಾನೂ ಬರುತ್ತೇನೆ" ಎಂದೆ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಕೆಲಸದಲ್ಲಿ ಚುರುಕು. ನಾನು ಹೇಳಿದ್ದನ್ನು ಕೇಳುತ್ತಾ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಆಮೇಲೆ ಪೆನ್ನು ಕೆಳಗಿಟ್ಟು, "ಅಮ್ಮ, ಬಾಗಿಲ ತನಕ ನಡೆದು ಬನ್ನಿ" ಎಂದರು. ಮಲಗಿಸಿ ತಾವೇ ಕಾಲು ತಿರುಗಿಸಿದರು. ಸೊಂಟದ ಎಕ್ಸ್‌ರೇ ಬಂತು. ಎಡಬದಿಯಲ್ಲಿ ಗುಂಡಿಗೂ ಬಟ್ಟಲಿಗೂ ನಡುವೆ ಚಂದ್ರನ ಎಳೆಯಂಥ ತೆರಪು. ಬಲಬದಿಯಲ್ಲಿ ಆ ಎಳೆ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಡಾಕ್ಟರು ಆ ಜಾಗವನ್ನು ಪೆನ್ನಿನಿಂದ ತೋರಿಸಿದರು. "ಮೊಣಕಾಲಿನ ಆಪರೇಷನ್ ಈಗ ಬೇಡ" ಎಂದರು. ಮುಂದೆ ಎಂದಾದರೂ ಸೊಂಟದ ಕೀಲಿಗೇ ಮಾಡಬೇಕಾಗಿ ಬರಬಹುದು, ಅಷ್ಟರೊಳಗೆ ವ್ಯಾಯಾಮ, ಕೋಲು, ಎತ್ತರದ ಕುರ್ಚಿ, ನೋಡೋಣ ಎಂದರು. ಹೊರಡುವಾಗ ನನ್ನ ಹತ್ತಿರ, "ಹೇಗೆ ಗೊತ್ತಾಯಿತು ಮೇಡಂ?" ಎಂದು ಕೇಳಿದರು. ತಡ್ಪೆಯ ಕಥೆ ಹೇಳಿದೆ. ನಕ್ಕರು, ಚೆನ್ನಾದ ನಗು. ಆಮೇಲೆ ಅವರ ಕೋಣೆಯಲ್ಲಿ ರೋಗಿಗಳ ಕುರ್ಚಿಯನ್ನು ಬಾಗಿಲಿನಿಂದ ದೂರ, ಎದುರಿನ ಗೋಡೆಗೆ ಹಾಕಿಸಿದ್ದಾರಂತೆ. ಎಲ್ಲರೂ ನಡೆದೇ ಬರಬೇಕು. ಕಾಪುವಿನ ನಮ್ಮ ಕುರ್ಚಿಗಳನ್ನೂ ನಾವು ಹಾಗೆಯೇ ಮಾಡಿದೆವು.

ಆದರೆ ಗುರುತಿಸುವುದು ಒಂದು ದಿನದ ಕೆಲಸ. ಅದರ ಜೊತೆ ಬಾಳುವುದು ದಿನದಿನದ್ದು.

ಕೋಲಿನಿಂದ ಜಗಳ ಶುರುವಾಯಿತು. ನೋವು ಬಲಗಾಲಿಗೆ, ಕೋಲು ಎಡಗೈಗೆ ಎಂದೆ. "ಬಾಯಮ್ಮನಿಗೆ ಬಿಸಿಲು ತಲೆಗೆ ಹತ್ತಿದೆ" ಎಂದರು ಅಪ್ಪಿಯಕ್ಕ. ನಡೆಯುವಾಗ ಬಲಗಾಲಿನ ಜೊತೆ ಮುಂದೆ ಹೋಗುವುದು ಎಡಗೈ ತಾನೇ, ಅದೇ ಕೈ ಭಾರ ಹಂಚಿಕೊಳ್ಳಲಿ ಎಂದು ಅಂಗಳದಲ್ಲಿ ನಡೆದು ತೋರಿಸಿದೆ. ನೋವಿನ ಮಾತ್ರೆಗಳನ್ನು ಕೇಳಿದವರಿಗೆ ಕೇಳಿದಷ್ಟು ಕೊಡುವ ಅಂಗಡಿಯಿಂದ ತಂದು ನುಂಗಬೇಡಿ, ಹೊಟ್ಟೆ ಮತ್ತು ಮೂತ್ರಪಿಂಡ ಎರಡೂ ಕೆಡುತ್ತವೆ, ಡಾಕ್ಟರು ಹೇಳಿದಷ್ಟೇ ಸಾಕು ಎಂದೆ. ಅದಕ್ಕೆ ಒಪ್ಪಿದರು. ಸೊಂಟದ ಬದಿಯ ಸ್ನಾಯುವಿಗೆ ಬಲ ಬರಲು ಗೋಡೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದನ್ನು ಕಲಿಸಿದೆ. ಅದಕ್ಕೂ ಒಪ್ಪಿದರು. ಕೆಳಗೆ ಕೂರಬಾರದು ಎಂದೆ. ಗುಲಾಬಿಯಕ್ಕ ಹಸಿರು ಸೀರೆಯ ತುಂಡನ್ನು ಬಿಚ್ಚಿ, ಮತ್ತೆ ಮಡಚಿದರು.

ಶಶಿಕಲಾ ಒಂದು ಎತ್ತರದ ಕುರ್ಚಿ ತಂದಳು. ಅಪ್ಪಿಯಕ್ಕನ ಜಗಲಿಯಲ್ಲಿ ಅದನ್ನು ಇಟ್ಟರು. ಮುಂದಿನ ಸಲ ನಾನು ಹೋದಾಗ ಗುಲಾಬಿಯಕ್ಕ ಕುರ್ಚಿಯಲ್ಲಿ, ಉಳಿದವರು ನೆಲದಲ್ಲಿ. ಮಾತು ನೆಲದ ಮಟ್ಟದಲ್ಲೇ ಹರಿದು ಹೋಗುತ್ತಿತ್ತು. ಅವರು ಬಗ್ಗಿ, "ಎಂತ? ಯಾರು ಹೇಳಿದ್ದು?" ಎಂದು ಕೇಳುವಷ್ಟರಲ್ಲಿ ನಗು ಮುಗಿದು ಬೇರೆ ಸುದ್ದಿ ಶುರುವಾಗಿರುತ್ತಿತ್ತು. "ಇವಳೀಗ ಗುರಿಕಾರ್ತಿ, ದೊಡ್ಡ ಯಜಮಾನಿ, ನಾವೆಲ್ಲ ಕೆಳಗಿನವರು" ಎಂದು ಅಪ್ಪಿಯಕ್ಕ ತಮಾಷೆ ಮಾಡಿದರು. ಗುಲಾಬಿಯಕ್ಕ ನಕ್ಕರು, ಆದರೆ ಕಣ್ಣು ತಡ್ಪೆಯಲ್ಲೇ ಇತ್ತು. ಅದಕ್ಕಿಂತ ಮುಂದಿನ ಸಲ ಕುರ್ಚಿ ಖಾಲಿ.

ಮನೆಯಲ್ಲಿ ಒಬ್ಬರೇ ಕೂತು ಬೀಡಿ ಕಟ್ಟುತ್ತಿದ್ದರು, ಮಂಚದ ಅಂಚಿನಲ್ಲಿ. ಜಗಲಿಯವರೆಗಿನ ನಡಿಗೆಯೂ ನಿಂತಿತ್ತು, ಗೋಡೆ ಹಿಡಿದು ಕಾಲೆತ್ತುವುದೂ. ಹೆಜ್ಜೆ ಕೇಳಿದೆ, ಮೊದಲಿಗಿಂತ ಕುಂದಿತ್ತು. "ನೋವು ಕಡಿಮೆ ಉಂಟು ಬಾಯಮ್ಮ, ಎದ್ದರೆ ತಾನೇ ನೋವು" ಎಂದರು. ತೊಡೆಗೆ ವ್ಯಾಯಾಮ ಗೊತ್ತಿತ್ತು ನನಗೆ, ಒಂಟಿತನಕ್ಕೆ ಗೊತ್ತಿರಲಿಲ್ಲ. ಹೊರಡುವಾಗ ಅಪ್ಪಿಯಕ್ಕನ ಅಂಗಳದಲ್ಲಿ ನಿಂತು ಅಷ್ಟನ್ನೇ ಹೇಳಿದೆ: "ಅವರು ಇಲ್ಲಿಗೆ ಬಾರದಿದ್ದರೆ ಕಾಲು ಉಳಿಯುವುದಿಲ್ಲ ಅಪ್ಪಿಯಕ್ಕ. ನೆಲಕ್ಕೆ ಇಳಿದರೂ ಉಳಿಯುವುದಿಲ್ಲ."

"ಹಾಗಾದರೆ ನಾವು ಎಂತ ಮಾಡುವುದು? ಆಕಾಶದಲ್ಲಿ ಕೂರುವುದಾ?" ಎಂದು ಅವರು ಕತ್ತರಿ ಆಡಿಸಿದರು. "ನಾನು ಹುಟ್ಟಿ ಇಷ್ಟರ ತನಕ ನೆಲದಲ್ಲೇ ಬೀಡಿ ಕಟ್ಟಿದವಳು. ಸಾಯುವಾಗಲೂ ನೆಲದಲ್ಲೇ."

ಆಮೇಲೆ ಅತ್ತೆಯವರಿಗೆ ಹುಷಾರು ತಪ್ಪಿತು, ನನಗೆ ಕೆಲವು ವಾರ ಆ ಕಡೆ ಹೋಗಲಾಗಲಿಲ್ಲ. ಮನೆಯಲ್ಲಿ ಗಂಜಿ ಕಾಯಿಸುತ್ತಾ ನಿಂತರೆ ಗುಲಾಬಿಯಕ್ಕನ ಅರ್ಧ ಹೆಜ್ಜೆ ಕಿವಿಯಲ್ಲಿ.

ಮತ್ತೆ ಎಲ್ಲೂರಿಗೆ ಹೋದದ್ದು ಚಳಿಯ ನೆರಳು ಬಿದ್ದ ಒಂದು ಮಧ್ಯಾಹ್ನ. ಬಸ್ಸು ಇಳಿದಾಗ ಅದೇ ಚಿಮಣಿ, ಅದೇ ಅಲುಗದ ಬಿಳಿ ಹೊಗೆ, ಅದೇ ಕತ್ತರಿಗಳ ಕರ್ ಕರ್. ಆದರೆ ಸದ್ದು ಸ್ವಲ್ಪ ಮೇಲಿನಿಂದ ಬಂದ ಹಾಗೆ ಕೇಳಿಸಿತು. ಭ್ರಮೆ ಎಂದುಕೊಂಡೆ. ತಿರುವು ದಾಟಿದರೆ ಜಗಲಿಯ ಉದ್ದಕ್ಕೆ ಎರಡು ಬೆಂಚುಗಳು, ಚಾದ ಹೋಟೆಲಿನವು, ಮೈಯೆಲ್ಲ ಲೋಟದ ಬಿಸಿಯ ಉರುಟು ಕಲೆಗಳು. ಎಲ್ಲರೂ ಅದರ ಮೇಲೆ, ಸಾಲಾಗಿ, ಕಾಲು ಇಳಿಬಿಟ್ಟು, ಮಡಿಲಲ್ಲಿ ತಡ್ಪೆ. ನಡುವಿನಲ್ಲಿ ಗುಲಾಬಿಯಕ್ಕ. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಕೋಲು, ಅವರ ಎಡಬದಿಗೆ.

"ಏನು ಅಪ್ಪಿಯಕ್ಕ, ಸಾಯುವ ತನಕ ನೆಲ ಅಂದಿರಿ?"

"ಮತ್ತೆ? ಇವಳ ಮುಖ ನೋಡಲು ಕತ್ತು ಎತ್ತಿ ಎತ್ತಿ ನನಗೆ ಕುತ್ತಿಗೆ ನೋವು ಶುರುವಾಯಿತು ಮಾರಾಯ್ರೆ. ಪೇಟೆಯಲ್ಲಿ ಆ ಹೋಟೆಲು ಮುಚ್ಚಿದರಂತೆ, ಬೆಂಚು ಎತ್ತಿಕೊಂಡು ಬಂದೆವು. ಈಗ ಎಲ್ಲರ ಬಾಯಿಯೂ ಒಂದೇ ಎತ್ತರದಲ್ಲಿ ಉಂಟು." ಮತ್ತೆ ಗುಲಾಬಿಯಕ್ಕನ ಕಡೆ ತಿರುಗಿ, "ಏಯ್, ಬಾಯಮ್ಮನಿಗೆ ನಡೆದು ತೋರಿಸು. ಇಲ್ಲದಿದ್ದರೆ ಇವರು ಶರಬತ್ತು ಕುಡಿಯುವುದಿಲ್ಲ."

ಗುಲಾಬಿಯಕ್ಕ ತಡ್ಪೆಯನ್ನು ಪಕ್ಕದವರಿಗೆ ಕೊಟ್ಟು ಎದ್ದರು. ತುಳಸಿಕಟ್ಟೆಯವರೆಗೆ ಹೋಗಿ ಬಂದರು. ಕಣ್ಣು ಮುಚ್ಚಿದೆ. ಹೆಜ್ಜೆ, ಕೋಲು, ಹೆಜ್ಜೆ. ಎರಡೂ ಪೂರ್ತಿ ಅಲ್ಲ, ಆದರೆ ಬಿಸಿ ಮರಳಿನ ಅವಸರ ಇಲ್ಲ. ನೋವು ಹೋಗಿರಲಿಲ್ಲ. ಅದು ಹೋಗುವಂಥದ್ದೂ ಅಲ್ಲ. ಪಕ್ಕಕ್ಕೆ ಸರಿದು ಕೂತು ಸ್ವಲ್ಪ ಜಾಗ ಬಿಟ್ಟುಕೊಟ್ಟಿತ್ತು.

ಅವರು ಮತ್ತೆ ಕೂತು ತಡ್ಪೆಯನ್ನು ಮಡಿಲಿಗೆ ತೆಗೆದುಕೊಂಡರು. ಸಮವಾಗಿತ್ತು. ಅಡಿಯಲ್ಲಿ ಏನೂ ಇರಲಿಲ್ಲ.

ನನಗೂ ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಟ್ಟರು. ಕೂತೆ. ಆ ಜಗಲಿಯ ನೆಲ ಮಳೆನೀರು ಹರಿಯಲೆಂದು ಅಂಗಳದ ಕಡೆಗೆ ಸ್ವಲ್ಪ ಇಳಿಜಾರು, ಹಳೆ ಬೆಂಚು ಅಲುಗಬೇಕಿತ್ತು, ಅಲುಗಲಿಲ್ಲ. ಬಗ್ಗಿ ನೋಡಿದೆ. ಬೆಂಚಿನ ಒಂದು ಕಾಲಿನ ಅಡಿಯಲ್ಲಿ, ಮಡಚಿ ಮಡಚಿ ದಪ್ಪ ಮಾಡಿದ ಹಸಿರು ಸೀರೆಯ ತುಂಡು.

"ಅದಕ್ಕೂ ಸೊಂಟ ನೋವು ಬಾಯಮ್ಮ" ಎಂದರು ಅಪ್ಪಿಯಕ್ಕ, ಎಲೆಯಿಂದ ಕಣ್ಣೆತ್ತದೆ. "ಕರೆಂಟ್ ಕೊಡ್ತೀರಾ?"

ಗುಲಾಬಿಯಕ್ಕನ ನಗು ಎಲ್ಲರದ್ದಕ್ಕಿಂತ ಮೊದಲು ಬಂತು.